ಅಂಗಡಿಯಲ್ಲಿ ಓಡಿದ ಕಾರ್ಡು

ಆದೋನಿಯ ಹತ್ತಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಕೆಟ್ಟದ್ದನ್ನು ರಿಪೇರಿ ಮಾಡುತ್ತೇನೆ, ಕೇಳಿದವರಿಗೆ ಹೊಸದನ್ನು ಜೋಡಿಸಿ ಕೊಡುತ್ತೇನೆ. ನನ್ನ ಮಾತಿಗೆ ಊರಲ್ಲಿ ಬೆಲೆ ಇದೆ ಎಂದು ನನಗೊಂದು ನಂಬಿಕೆ. ಅದಕ್ಕೆ ಪೆಟ್ಟು ಬಿದ್ದದ್ದು ಮನೆಯಲ್ಲೇ, ಅತ್ತಿಗೆಯ ಕಂಪ್ಯೂಟರಿನ ಮುಂದೆ.

ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಮದ್ದಿಕೇರದವರು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಾರೆ. ಐದು ಜನರ ತಂಡ. ಉಳಿದ ನಾಲ್ವರು ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯ ಹೆಂಗಸರು. ಎದುರಾಳಿಗಳಿರುವ ಕಡೆಗೆ ಮೊದಲು ನುಗ್ಗುವುದು ಅತ್ತಿಗೆಯ ಕೆಲಸ. ಮೂಲೆ ತಿರುಗಿದ ಕೂಡಲೇ ಗುಂಡು ಹಾರಬೇಕು. ರೆಪ್ಪೆ ಮಿಟುಕಿಸುವಷ್ಟು ತಡವಾದರೂ ಸತ್ತಂತೆ. ಮನೆಯಲ್ಲಿ ಇದನ್ನು ಹುಚ್ಚು ಎನ್ನುವವರೇ ಹೆಚ್ಚು. ಪಂದ್ಯವೊಂದು ಹತ್ತಿರ ಬಂದಿತ್ತು, ತಂಡದಲ್ಲಿ ತಮ್ಮ ಜಾಗ ಉಳಿಯಬೇಕು ಎನ್ನುವುದೊಂದೇ ಅವರಿಗೆ.

ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡು ತೆಗೆದು ಹೊಸದು ಹಾಕಿಕೊಡಲು ನಾನೇ ಮುಂದಾದೆ. ಅವರನ್ನು ಅಂಗಡಿಗೆ ಕರೆದು, ಅಲ್ಲಿನ ಯಂತ್ರದಲ್ಲಿ ಅದನ್ನು ಕೂಡಿಸಿ, ಅವರ ಆಟವನ್ನೇ ಓಡಿಸಿ ತೋರಿಸಿದೆ. ಚಿತ್ರ ಎಲ್ಲೂ ತಡೆಯದೆ ನೀರಿನಂತೆ ಹರಿಯಿತು.

"ಭಾಳ ಛಂದ ಐತಿ," ಅಂದರು ಅತ್ತಿಗೆ. "ಹಾಕಿಬಿಡಪಾ, ನೀ ಹೇಳಿದ ಮ್ಯಾಲೆ ಮುಗೀತು."

ಮನೆಯಲ್ಲಿ ಹಾಕಿದ ಮೊದಲ ದಿನವೇ ಆಟದಲ್ಲಿ ಅವರಿಗೆ ತಡವಾಗತೊಡಗಿತು. ಮೂಲೆ ತಿರುಗಿದರೆ ಚಿತ್ರ ಒಂದು ಕ್ಷಣ ನಿಂತು ಆಮೇಲೆ ಜಿಗಿಯುತ್ತಿತ್ತು, ಅಷ್ಟರಲ್ಲಿ ಸತ್ತಿರುತ್ತಿದ್ದರು. ತಂಡದವಳೊಬ್ಬಳು ತೆಲುಗಿನಲ್ಲಿ "ಏಮೈಂದಿ ಅಕ್ಕಾ?", ಏನಾಯಿತು ಎಂದು ಮತ್ತೆ ಮತ್ತೆ ಕೇಳುವುದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಚಿತ್ರ ನಿಂತು ನಿಂತು ಓಡ್ತೈತಿ, ಒಂದೀಟು ನೋಡಪಾ," ಎಂದರು.

"ಕಾರ್ಡಿಂದು ಏನೂ ತಪ್ಪಿಲ್ರಿ ಅತ್ತಿಗಿ. ನಿಮ್ಮ ಮುಂದ ಓಡ್ಸಿ ತೋರ್ಸೀನಲ್ಲ? ವಯಸ್ಸಾದಂಗ ಕೈ ನಿಧಾನ ಆಗ್ತಾವು."

ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಕಣ್ಣಿಗೆ ಏನೂ ಆಗಿಲ್ಲ ಎಂದರಂತೆ. ಹಾಗಾದರೆ ದೋಷ ಕೈಗಳದ್ದೇ ಎಂದು ಅತ್ತಿಗೆ ತೀರ್ಮಾನಿಸಿಬಿಟ್ಟರು.

ಮಂಗಳವಾರ ಅವರು ಸಂತೆಗೆ ಹೋದಾಗ ನಾನು ಆ ಯಂತ್ರದ ಮುಂದೆ ಕೂತೆ. ಆಟ ಹಚ್ಚಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಅಂಕಿಗಳನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡೆ. ಹೊಸ ಕಾರ್ಡು ಅರ್ಧದಷ್ಟೂ ದುಡಿಯದೆ ಸುಮ್ಮನೆ ಕಾಯುತ್ತಿತ್ತು. ಯಂತ್ರದ ಮಿದುಳಾದ ಹಳೆಯ ಪ್ರೊಸೆಸರಿಗೆ ಮಾತ್ರ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಆಟಕ್ಕೂ ಕಾರ್ಡಿಗೂ ನಡುವೆ ಡ್ರೈವರ್ ಎಂಬ ಸಾಫ್ಟ್‌ವೇರ್ ಇರುತ್ತದೆ. ಆಟ ಕೇಳಿದ್ದನ್ನು ಕಾರ್ಡಿಗೆ ತಿಳಿಯುವಂತೆ ಮಾಡಿ ಒಪ್ಪಿಸುವುದು ಅದರ ಕೆಲಸ. ಆ ಕೆಲಸ ನಡೆಯುವುದು ಪ್ರೊಸೆಸರಿನ ಬೆನ್ನ ಮೇಲೆ. ಹಳೆಯ ಕಾರ್ಡಿನ ಡ್ರೈವರ್ ಒಂದು ಮಾತಿನಲ್ಲಿ ಮುಗಿಸುತ್ತಿದ್ದುದಕ್ಕೆ ಹೊಸ ಕಾರ್ಡಿನ ಈ ದುಂದುಗಾರ ಡ್ರೈವರ್ ನಾಲ್ಕು ಮಾತು ಆಡುತ್ತಿತ್ತು. ಅಂಗಡಿಯ ಹೊಸ ಪ್ರೊಸೆಸರು ಅದನ್ನು ಗೊಣಗದೆ ಹೊತ್ತಿತ್ತು. ಅತ್ತಿಗೆಯದಕ್ಕೆ ಆ ತ್ರಾಣವಿರಲಿಲ್ಲ.

ನಮ್ಮಪ್ಪ ಹತ್ತಿ ದಲ್ಲಾಳಿ. ಚೀಲದ ಬಾಯಲ್ಲಿದ್ದ ಹತ್ತಿ ನೋಡಿ ಅವರು ಎಂದೂ ದರ ಹೇಳಿದವರಲ್ಲ. ಮೊಣಕೈವರೆಗೆ ಕೈ ತೂರಿಸಿ, ಹೊಟ್ಟೆಯೊಳಗಿಂದ ಒಂದು ಹಿಡಿ ಕಿತ್ತು, ಎಳೆ ಜಗ್ಗಿ ನೋಡಿ ಆಮೇಲೆ ಬಾಯಿ ಬಿಡುವರು. ಅವರ ಮಗ ನಾನು ಚೀಲದ ಬಾಯಿ ನೋಡಿಯೇ ದರ ಹೇಳಿದ್ದೆ. ಅಂಗಡಿಯ ಅತ್ಯುತ್ತಮ ಯಂತ್ರದಲ್ಲಿ ಪರೀಕ್ಷಿಸಿ, ಮನೆಯ ಯಂತ್ರಕ್ಕೆ ಭರವಸೆ ಕೊಟ್ಟಿದ್ದೆ.

ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಡ್ರೈವರಿನ ಹೊಸ ಆವೃತ್ತಿ ಬಂದರೆ ತಾನಾಗಿ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ನನ್ನ ಮಾತು ಸುಳ್ಳಾಗುವುದು ನನಗೆ ಬೇಕಿರಲಿಲ್ಲ, ಅಷ್ಟೇ. ಆ ದಿನಗಳಲ್ಲಿ ಅತ್ತಿಗೆ ಕೂತಲ್ಲಿ ನಿಂತಲ್ಲಿ ಬೆರಳು ಮಡಚಿ ಬಿಡಿಸುತ್ತಿದ್ದರು. ನಾನು ನೋಡುತ್ತಲೇ ಊಟ ಮುಗಿಸಿ ಅಂಗಡಿಗೆ ಹೋಗುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಹೊಸ ಆವೃತ್ತಿ ಬಂತು. ಹಾಕಿದೆ, ಏನೋ ಚೂರು ಸುಧಾರಿಸಿತು, ಸಾಲಲಿಲ್ಲ. ಶನಿವಾರ ಹಳೆಯ ಕಾರ್ಡನ್ನೇ ತಂದು ಮತ್ತೆ ಕೂಡಿಸಿ, ಅತ್ತಿಗೆಯನ್ನು ಕರೆದೆ. ಅವರು ಒಂದು ಸುತ್ತು ಒಬ್ಬರೇ ಆಡಿದರು. ಮೂಲೆ ತಿರುಗಿದ್ದೇ ತಡ, ಗುಂಡು ಹಾರಿತ್ತು. ಇನ್ನೊಂದು ಮೂಲೆ, ಇನ್ನೊಂದು ಗುಂಡು. ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು.

"ಅಂದ್ರ ನನ್ನ ಕೈ ಸರಿ ಅದಾವು."

"ಹೂಂನ್ರಿ ಅತ್ತಿಗಿ. ತಪ್ಪು ಆ ಕಾರ್ಡಿಂದು. ನಂದೂ ಐತಿ."

"ಯಾವಾಗ ಗೊತ್ತಾತು ನಿನಗ?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. "ಮಂಗಳವಾರ," ಎಂದೆ.

ಅವರು ಪರದೆಯತ್ತ ತಿರುಗಿ ಆಟ ಮುಚ್ಚಿದರು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಗುರುವಾರ ನಾನ ತಂಡದವರಿಗೆ ಹೇಳೀನಪಾ, ನನ್ನ ಕೈಲಿ ಆಗಂಗಿಲ್ಲ, ಬ್ಯಾರೆ ಯಾರನ್ನರ ತಗೋರಿ ಅಂತ. ತಗೊಂಡಾರ."