ನೆಲ ತಾಗಿದ ಗುರುತು

ಸೆರೆಸ್ ಎಂಬ ದೂರದ ಕುಬ್ಜ ಗ್ರಹದ ಮೇಲೆ ಎರಡು ಬಿಳಿ ಚುಕ್ಕೆ ಹೊಳೆಯುತ್ತಿವೆ ಎಂಬ ಸುದ್ದಿ ಬಂದ ವರ್ಷವೇ ನನ್ನ ಕಾಕಾನ ಎಡ ಶ್ವಾಸಕೋಶದಲ್ಲೂ ಒಂದು ಬಿಳಿ ಚುಕ್ಕೆ ಕಂಡಿತು. ಎರಡನ್ನೂ ನಾನು ಒಂದೇ ವಾರದಲ್ಲಿ ನೋಡಿದೆ. ಒಂದನ್ನು ಮೊಬೈಲಿನಲ್ಲಿ, ಇನ್ನೊಂದನ್ನು ಮಹಾರಾಷ್ಟ್ರದ ಗಡಿಯ ಮಿರಜದ ನಮ್ಮ ಮನೆಯ ಕಿಟಕಿಯ ಬೆಳಕಿಗೆ ಹಿಡಿದ ಸ್ಕ್ಯಾನ್ ಫಿಲ್ಮಿನಲ್ಲಿ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವರು ಅಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕಿ. ಕಾಕಾಗೆ ಸಿತಾರ, ತಂಬೂರಿ ಮಾಡುವ ಕಾರಖಾನೆಯಲ್ಲಿ ಕೆಲಸ. ಆ ವಾದ್ಯಗಳ ಬುಡಕ್ಕೆ ಕೂಡಿಸುವ ಒಣಗಿದ ಸೋರೆ ಬುರುಡೆಗೆ ಅಲ್ಲಿ ಎಲ್ಲರೂ ಭೋಪಳಾ ಅನ್ನುತ್ತಾರೆ. ನೆಲದ ಮೇಲೆ ಕುಳಿತು, ಅದನ್ನು ಎಡ ಎದೆಗೆ ಆನಿಸಿಕೊಂಡು ಉಜ್ಜಿ ಉಜ್ಜಿ ನುಣುಪು ಮಾಡುವುದರಲ್ಲೇ ಅವರ ಆಯುಷ್ಯ ಸವೆದಿತ್ತು.

ಸೆರೆಸಿನ ಆ ಚುಕ್ಕೆ ಏನಿರಬಹುದೆಂದು ಜಗತ್ತೆಲ್ಲ ಊಹೆ ಮಾಡುತ್ತಿತ್ತು. ಮಂಜುಗಡ್ಡೆ ಅಂದರು, ಉಪ್ಪು ಅಂದರು, ಜ್ವಾಲಾಮುಖಿ ಅಂದರು. ನಾನು ಸಾಂಗ್ಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, ಅಲ್ಲಿ ಯಾರೋ ದೀಪ ಹಚ್ಚಿ ಕುಳಿತಿದ್ದಾರೆ ಎಂದುಬಿಟ್ಟರು. ಇಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರ ಜೊತೆ ಜಗಳವಾಡಿಯೇ ಮನೆಗೆ ಬಂದೆ.

ಕಾಕಾಗೆ ಫೋಟೋ ತೋರಿಸಿದೆ. ಚಾಳೀಸು ಮೂಗಿಗೆ ಏರಿಸಿಕೊಂಡು ನೋಡಿ ನಕ್ಕರು.

“ಏ ಹುಚ್ಚಿ, ಇದು ನಮ್ಮ ಭೋಪಳಾ ಇದ್ದಂಗ ಐತಲ್ಲ! ಬಳ್ಳ್ಯಾಗ ಇದ್ದಾಗ ನೆಲಕ್ಕ ಹತ್ತಿ ಕುಂತ ಜಾಗಾ ಹಿಂಗ ಬೆಳ್ಳಗ ಉಳೀತೈತಿ. ಇದೂ ಎಲ್ಲೋ ಆನಿಕೊಂಡು ಬೆಳದೈತಿ, ಅಷ್ಟ.”

“ಕಾಕಾ, ಅದು ಅಂತರಿಕ್ಷದಾಗ ತಿರಗತೈತ್ರಿ. ಯಾವ ನೆಲಕ್ಕ ಹತ್ತತೈತಿ?”

“ಅದನ್ನ ನೀ ಹುಡುಕು. ನೀ ಕಲ್ತಾಕಿ.”

ಅಲ್ಲಿಗೆ ಮುಗಿದಿದ್ದರೆ ಅದೊಂದು ನಗೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಎರಡು ದಿನ ಬಿಟ್ಟು ಡಾಕ್ಟರರು, ಸೂಜಿ ಹಾಕಿ ಒಂದು ಚೂರು ತೆಗೆದು ತಪಾಸಣೆ ಮಾಡಲೇಬೇಕು, ತಡ ಮಾಡಬೇಡಿ ಎಂದಾಗ, ಕಾಕಾ ಫಿಲ್ಮನ್ನು ಮಡಿಲಲ್ಲಿಟ್ಟುಕೊಂಡು ಅದೇ ಮಾತು ತೆಗೆದರು. “ಏನೂ ಬ್ಯಾಡ. ಇಷ್ಟು ವರ್ಷ ಭೋಪಳಾ ಎದಿಗೆ ಒತ್ತಿ ಹಿಡದೇನಿ. ಅದು ಆನಿದ ಗುರುತು ಇದು. ನನ್ನ ಎದಿ ನನಗ ಗೊತ್ತಿಲ್ಲೇನು?”

ನನಗೆ ಎಂಥ ಸಿಟ್ಟು ಬಂತೆಂದರೆ! ಅಥಣಿ, ರಾಯಬಾಗ ಕಡೆಯ ನಂಟರು ಯಾರೇ ದವಾಖಾನೆಗೆಂದು ಮಿರಜಕ್ಕೆ ಬಂದರೂ ಇಳಿಯುವುದು ನಮ್ಮ ಮನೆಯಲ್ಲಿ. ಕಾಕಾ ಕಾರಖಾನೆಗೆ ರಜೆ ಹಾಕಿ ಅವರ ಜೊತೆ ಹೋಗುತ್ತಿದ್ದರು, ಡಾಕ್ಟರರ ಮರಾಠಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. “ಹೆದರಬ್ಯಾಡ್ರಿ, ಸೂಜಿ ಅಂದ್ರ ಇರುವಿ ಕಡದಂಗ” ಎಂದು ಎಷ್ಟು ಜನರನ್ನು ಒಳಗೆ ಕಳಿಸಿದ್ದರೋ. ಅದೇ ಮನುಷ್ಯ ಈಗ ತನ್ನ ಸರದಿ ಬಂದಾಗ ಭೋಪಳಾ ಅನ್ನುತ್ತಾರೆ.

ಕೂಗಾಡಿದೆ, ಕಣ್ಣೀರಿಟ್ಟೆ, ಊಟ ಬಿಟ್ಟೆ. ಕಾಕಿ ನಡುವೆ ಬಂದು, “ಇರಲಿ ಬಿಡವ್ವಾ, ಅಂಜ್ಯಾರ. ತಾವ ಹೋಗತಾರ” ಅಂದಳು.

ಅವರು ಹೋಗಲಿಲ್ಲ. ಮಳೆಗಾಲವೆಲ್ಲ ಒಂದು ತಂಬೂರಿ ಹಿಡಿದು ಕುಳಿತರು. ಗಣಪತಿ ಹಬ್ಬದ ಹೊತ್ತಿಗೆ ಅಂಗಿ ಹೆಗಲಿನಿಂದ ಜಾರತೊಡಗಿತ್ತು. ಕೆಮ್ಮು ಬಂದಾಗ ಬುರುಡೆಯನ್ನೇ ಎದೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದರು. ಅದರ ಬಿಳಿ ಗುರುತನ್ನು ಮಾತ್ರ, ಯಾವಾಗಲೂ ಮಾಡುವಂತೆ, ಯಾರಿಗೂ ಕಾಣದ ಹಿಂಬದಿಗೆ ತಿರುಗಿಸಿ ಕೂಡಿಸಿದರು.

ದೀಪಾವಳಿ ಕಳೆದ ಮೇಲೆ ಉಸಿರು ಸಿಗದೆ ಒದ್ದಾಡಿದಾಗ ರಿಕ್ಷಾದಲ್ಲಿ ಹಾಕಿಕೊಂಡು ಹೋದೆವು. ಸೂಜಿ ಆಗ ಹಾಕಿದರು. ಡಾಕ್ಟರರು ನನ್ನನ್ನು ಹೊರಗೆ ಕರೆದು, ಇಷ್ಟು ದಿನ ಎಲ್ಲಿದ್ದಿರಿ ಎಂದು ಮರಾಠಿಯಲ್ಲಿ ಕೇಳಿದರು. ಒಳಗೆ ಕಾಕಾ, “ಏನಂದ್ರು?” ಅಂದರು. ಅವರಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತಿತ್ತು, ಬಾಗಿಲು ತೆರೆದೇ ಇತ್ತು. “ಏನಿಲ್ಲರಿ” ಅಂದೆ. ಅವರು ತಲೆಯಾಡಿಸಿದರು. ಆ ಸಲ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಎಳ್ಳು ಹುರಿಯಲಿಲ್ಲ.

ಮುಂದೆ ಒಂದು ಬೇಸಿಗೆಯ ಸಂಜೆ ಸುದ್ದಿ ಓದಿದೆ. ಸೆರೆಸಿನ ಚುಕ್ಕೆಗಳು ಉಪ್ಪಂತೆ. ಗ್ರಹದ ಒಳಗಿನ ಉಪ್ಪುನೀರು ಮೇಲೆ ಬಂದು ಆರಿ, ಉಪ್ಪಷ್ಟೇ ಉಳಿದು ಹೊಳೆಯುತ್ತಿದೆಯಂತೆ. ಓದುತ್ತಿದ್ದಂತೆ “ಕಾಕಾ” ಎಂದು ಕೂಗಿಬಿಟ್ಟೆ. ಮೊಬೈಲು ಹಿಡಿದು ಅವರು ಕೂಡುತ್ತಿದ್ದ ಜಾಗದ ಕಡೆ ಹೊರಟವಳು ನಡುವೆಯೇ ನಿಂತೆ.

ಒಲೆಯ ಮುಂದಿದ್ದ ಕಾಕಿ ತಿರುಗಿದಳು. “ಆ ಚುಕ್ಕಿ ಏನಂತ ಗೊತ್ತಾತೇನು?”

“ಉಪ್ಪಂತ.”

“ಹೊರಗಿಂದ ಹತ್ತಿದ್ದು?”

“ಅಲ್ಲ ಕಾಕಿ. ಒಳಗಿಂದನ ಬಂದದ್ದು.”

ಅವಳು ಒಲೆ ಆರಿಸಿದಳು. ಗೋಡೆಯ ಮೇಲೆ ಕಾಕಾನ ಫೋಟೋ ಇತ್ತು, ಅದರ ಕೆಳಗೆ ಅವರ ಕಡೆಯ ತಂಬೂರಿ. ಸೆರಗಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿ ಅಂದಳು:

“ಮೆಲ್ಲಕ ಮಾತಾಡವ್ವಾ. ಅವರಿಗೆ ಕೇಳಸೀತು.”