ಅಹವಾಲು ಸಭೆಯ ಮೈಕಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಹಿಂದಿನ ಮೈದಾನದಲ್ಲಿ ಏಣಿಯ ತುದಿಗೆ ನಿಂತ ಮೈಕಣ್ಣ, ಹಲ್ಲಲ್ಲಿ ಟೇಪು ಕಚ್ಚಿಕೊಂಡು ಕಂಬಕ್ಕೆ ಲೌಡ್‌ಸ್ಪೀಕರ್ ಬಿಗಿಯುತ್ತಿದ್ದಾರೆ. ಈಗಷ್ಟೇ ಒರೆಸಿದ ಸ್ಪೀಕರಿನ ಮೇಲೆ ಆಗಲೇ ಬೂದಿ. ಮೈದಾನದಾಚೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ. ಅದರ ಪಕ್ಕ ಇನ್ನೊಂದನ್ನು ಕಟ್ಟಲು ಇವತ್ತು ಜನಾಭಿಪ್ರಾಯ ಕೇಳುವ ಸಭೆ. ಕೇಳುವ ಸಭೆ ಅಂತ ಬ್ಯಾನರಿನಲ್ಲಂತೂ ಬರೆದಿದ್ದಾರೆ.

ಮೈಕ್‌ಸೆಟ್ಟು ಅಪ್ಪನಿಂದ ಬಂದದ್ದು. ಇಪ್ಪತ್ತು ವರ್ಷ ಈ ಕಸುಬು ಮಾಡಿ ಎಡಗಿವಿ ಮಂದವಾಗಿದೆ. ಏಣಿಯಿಂದ ಬಿದ್ದು ಪೆಟ್ಟಾದ ಸೊಂಟ ಚಳಿಗೆ ಹಿಡಿದುಕೊಳ್ಳುತ್ತದೆ. ಮನೆ ನಡೆಯುವುದು ತಿಂಗಳಿಗೆ ನಾಲ್ಕೈದು ಸರ್ಕಾರಿ ಸಭೆಗಳಿಂದ. ಅಲ್ಲೊಂದು ಒಳ ಒಪ್ಪಂದವಿದೆ. ವೇದಿಕೆಯ ಮೇಲಿನ ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರೆ ಜನರ ಕೈಯಲ್ಲಿರುವ ಮೈಕು ಆಫ್ ಆಗಬೇಕು. ಆಮೇಲೆ ಗುಮಾಸ್ತ ಎದ್ದು, ಮೈಕು ಕೈಕೊಟ್ಟಿದೆ, ಮುಂದಿನವರು ಬನ್ನಿ ಎನ್ನುತ್ತಾನೆ.

"ಜನ ಬೈಯೋದು ನಂಗೆ. ಡಬ್ಬಾ ಸೆಟ್ಟು ಅಂತಾರೆ. ನಾನು ತಲೆ ತಗ್ಗಿಸ್ಕೊಂಡು ಸುಮ್ನೆ ವೈರು ಅಲ್ಲಾಡಿಸ್ತೀನಿ" ಎನ್ನುತ್ತಾರೆ ಮೈಕಣ್ಣ.

ಪ್ರತಿ ಸಭೆಯ ಮರುದಿನ ಸರ್ಕಾರದ ವರದಿ ಬರುತ್ತದೆ: ಸಭೆ ಶಾಂತಿಯುತ, ಯೋಜನೆಗೆ ಜನಬೆಂಬಲ. ನಮ್ಮಂಥ ಪತ್ರಿಕೆಗಳು ಅದನ್ನೇ ಕಣ್ಣು ಮುಚ್ಚಿಕೊಂಡು ಅಚ್ಚು ಹಾಕುತ್ತವೆ. ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಭೂಮಿ ಬಿಸಿಯಾಗುತ್ತಿದೆ ಎಂದು ಭಾಷಣ ಬಿಗಿಯುವವರಿಗೆ, ಆ ಕಾವನ್ನು ತಗಡಿನ ಸೂರಿನಡಿ ಅನುಭವಿಸಿದವರು ಬಾಯಿ ತೆರೆದರೆ ಮಾತ್ರ ಕತ್ತು ಬೆವರುತ್ತದೆ.

ಬಿಸಿಲೇರಿದ ಮೇಲೆ ಸಾಹೇಬರು ಬರುತ್ತಾರೆ. ಹವಾಮಾನ ಬದಲಾವಣೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಮೈಕಿಗೆ ಒಂದು ಕೆಮ್ಮೂ ಇಲ್ಲ. ನಂತರ ಜನರ ಸರದಿ. ಒಬ್ಬ ಯುವಕ, ತನಗೆ ಕೆಲಸ ಸಿಗುವುದಾದರೆ ಕಟ್ಟಲಿ ಎನ್ನುತ್ತಾನೆ. ಅವನ ಮಾತು ಪೂರ್ತಿ ಕೇಳುತ್ತದೆ. ಶಾಲೆಯ ಮೇಷ್ಟ್ರು ಎದ್ದು, ಕಲ್ಲಿದ್ದಲಿನ ಬದಲು ಸೂರ್ಯನ ವಿದ್ಯುತ್ ಏಕಾಗಬಾರದು ಎನ್ನುವಷ್ಟರಲ್ಲಿ ಕರ್ಚೀಫು ಹೊರಬರುತ್ತದೆ. ಮೈಕು ಗಪ್‌ಚುಪ್.

ಮೂರನೆಯವರಾಗಿ ಮೈಕು ಹಿಡಿದವರು ಮೈಕಣ್ಣನ ಹೆಂಡತಿ. ಮಾತಾಡುತ್ತೇನೆಂದು ಮನೆಯಲ್ಲಿ ಸುಳಿವೂ ಕೊಟ್ಟಿರಲಿಲ್ಲವಂತೆ.

"ಕರೆಂಟು ಬೇಡ ಅಂತ ಯಾರೂ ಹೇಳ್ತಿಲ್ಲ ಸಾರ್. ಇರೋ ಒಂದು ಚಿಮಣಿ ಬೂದಿಗೇ ನನ್ನ ಮಗಳು ಉಸಿರಿಗೆ ಒದ್ದಾಡ್ತಾಳೆ. ಬಿಸಿಲು ಹೆಚ್ತಾ ಇದೆ ಅಂತ ಈಗ ನೀವೇ ಹೇಳಿದ್ರಿ. ಮತ್ತೆ ಇನ್ನೊಂದು ಯಾಕೆ?"

ಕರ್ಚೀಫು ಕತ್ತಿಗೆ ಹೋಗುತ್ತದೆ. ಮೈಕಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಸಾಹೇಬರು ಚರ್ಮ ಕೆಂಪಾಗುವಷ್ಟು ಉಜ್ಜಿಕೊಳ್ಳುತ್ತಾರೆ. ಆಕೆ ನಿಲ್ಲಿಸುವುದಿಲ್ಲ. ಇಲ್ಲಿ ಸುಟ್ಟ ಕಲ್ಲಿದ್ದಲಿನ ಕರೆಂಟು ಯಾರ ಮನೆಗೆ ಹೋಗುತ್ತದೆ, ನಮ್ಮಲ್ಲೇಕೆ ದಿನಾ ಕರೆಂಟು ಹೋಗುತ್ತದೆ ಎಂದು ಕೇಳುತ್ತಾರೆ. ಮಾತು ಮಾರ್ಕೆಟ್ಟಿನವರೆಗೂ ಕೇಳಿಸುತ್ತದೆ. ಅವರು ಮುಗಿಸಿದ ಮೇಲೆ ಮೇಷ್ಟ್ರು ಮತ್ತೆ ಬಂದು, ಅರ್ಧಕ್ಕೆ ನಿಂತ ತಮ್ಮ ಮಾತನ್ನು ಪೂರ್ತಿ ಮಾಡುತ್ತಾರೆ.

ಸಂಜೆ ಗಂಡ ಹೆಂಡತಿ ವೈರು ಸುತ್ತುತ್ತಿರುವಾಗಲೇ ಸಾಹೇಬರ ಕಚೇರಿಯಿಂದ ಫೋನು. ಇನ್ನು ಮುಂದೆ ಸಭೆಗಳಿಗೆ ಬೇರೆಯವರು ಬರುತ್ತಾರಂತೆ. ಕಾರಣ, ನಿಮ್ಮ ಸೆಟ್ಟು ಸರಿಯಿಲ್ಲ. ಎಂಥ ನಾಚಿಕೆಗೆಟ್ಟ ಜನ!

ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಮೈಕಣ್ಣ ವೈರು ಕೆಳಗಿಡುತ್ತಾರೆ.

"ನನ್ನ ಫೋಟೋ ಎಲ್ಲ ಬೇಡ. ಅಪ್ಪನ ಕಾಲದಿಂದ ನಮ್ಮ ಸೆಟ್ಟು ಒಂದು ಸಭೇಲೂ ಕೆಟ್ಟಿಲ್ಲ ಅಂತ ಬರೀರಿ. ಆಫ್ ಮಾಡ್ತಿದ್ದೋನು ನಾನು."