ಹುಳಿ ಮಜ್ಜಿಗೆಯ ಪ್ರಯೋಗ

ಲ್ಯಾಬಿನಲ್ಲಿ ನಾನೇನು ಮಾಡುತ್ತೇನೆಂದು ಹಿರೇಕೆರೂರಿನ ಮನೆಯಲ್ಲಿ ಅವ್ವ ಕೇಳಿದಳು. ರೆಸಿನ್ ಎಂಬ ಸಣ್ಣ ಮಣಿಗಳಿಗೆ ಆ್ಯಂಟಿಬಾಡಿ ಎಂಬ, ನಮಗೆ ಬೇಕಾದ ಪ್ರೋಟೀನು ಮಾತ್ರ ಅಂಟುತ್ತದೆ, ಉಳಿದದ್ದೆಲ್ಲ ತೊಳೆದುಹೋಗುತ್ತದೆ, ಆಮೇಲೆ ಹುಳಿ ದ್ರಾವಣ ಸುರಿದರೆ ಅದೂ ಹಿಡಿತ ಬಿಡುತ್ತದೆ, ಬೇರೆ ಶೀಸೆಗೆ ಇಳಿದ ಕೂಡಲೇ ಹುಳಿ ಮುರಿಯದಿದ್ದರೆ ಕೆಡುತ್ತದೆ ಎಂದೆ.

ಅವ್ವನ ಕಣ್ಣು ಫ್ಯಾನಿನ ಕೆಳಗಿನ ಮಂಚಕ್ಕೆ ಹೋಯಿತು. ಸಂತೆಗೆಂದು ಹಾನಗಲ್ಲಿನಿಂದ ಬಂದ ಅವಳ ತಮ್ಮ, ಸಂತೆ ಮುಗಿದರೂ ಅಲ್ಲೇ ಮಲಗಿದ್ದ. ಮರುದಿನದಿಂದ ಮಾವನ ತಾಟಿಗೆ ಹಲ್ಲು ಚುಳ್ಳೆನ್ನುವ ಹುಳಿ ಮಜ್ಜಿಗೆ ಬಿತ್ತು. ಕೊನೆಗೂ ಮಾವ ಚೀಲ ಹೆಗಲಿಗೇರಿಸಿದ. ಹೊಸ್ತಿಲಲ್ಲಿ ಅವ್ವನಿಗೆ ಕನಿಕರ ಬಂತು. ಹುಳಿ ಮುರಿಯಲೆಂದು ಅವನ ಕೈಗೊಂದು ಹೋಳಿಗೆ ಇಟ್ಟಳು.

ತಿಂದ ಮಾವ ಚೀಲ ಇಳಿಸಿದ. "ಇನ್ನೂ ಹೋಳಿಗಿ ಅದಾವೇನ ಅಕ್ಕಾ?"

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

"ಬ್ಯಾರೆ ಶೀಸೆಗೆ ಇಳಿದ ಮ್ಯಾಲ ಅಂದಿದ್ದೆ ನಾ," ಎಂದೆ ಮೆಲ್ಲಗೆ. "ಬಸ್ಸಿನ್ಯಾಗ ಕುಂತ ಮ್ಯಾಲ ಕೊಡಬೇಕಿತ್ತವ್ವಾ."